ಜಗಲಿಗೆ ಮೂವತ್ತೆಂಟು ಹೆಜ್ಜೆ

ಬಸವನಗುಡಿಯ ಹಳೆಯ ಮನೆಗಳನ್ನು ಹೊಗಳುವುದು ನನಗೆ ಬಹಳ ವರ್ಷಗಳಿಂದ ಅಂಟಿಕೊಂಡ ಚಟ. ನಮ್ಮ ತಿಪಟೂರಿನ ಮಹಿಳಾ ಸಮಾಜದಲ್ಲಿ ಒಮ್ಮೆ ಮುಕ್ಕಾಲು ಗಂಟೆ ಅದನ್ನೇ ಮಾತನಾಡಿ ಚಪ್ಪಾಳೆ ಗಿಟ್ಟಿಸಿಕೊಂಡಿದ್ದೇನೆ. ಮೇಷ್ಟರ ಕೆಲಸ ಮಾಡುವವರಿಗೆ ಇದೊಂದು ಕಾಯಿಲೆ. ತಾವು ಇಷ್ಟಪಟ್ಟದ್ದನ್ನು ಇತರರೂ ಇಷ್ಟಪಡುವವರೆಗೆ ಬಿಡುವುದಿಲ್ಲ. ಹೀಗಿರುವಾಗ ಚಿಕ್ಕಮ್ಮನ ಮನೆಯನ್ನು ಕೆಡವಿ ಫ್ಲ್ಯಾಟು ಕಟ್ಟುವ ಮಾತು ನಡೆಯುತ್ತಿದೆ ಎಂದು ಅವರ ಮಗ ಫೋನು ಮಾಡಿದಾಗ ನಾನು ಸುಮ್ಮನಿರುವುದುಂಟೇ? "ಅಕ್ಕಾ, ನೀನೇ ಬಂದು ಒಂದು ಮಾತು ಹೇಳು" ಎಂದ. ಶನಿವಾರದ ಬೆಳಗಿನ ರೈಲು ಹತ್ತಿದೆ.

ಬಡಾವಣೆಯ ಕಥೆ ನಿಮಗೂ ಗೊತ್ತಿರಬಹುದು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಡಿಯಿತು. ಇಕ್ಕಟ್ಟಾದ ಪೇಟೆಯ ಬೀದಿಗಳಲ್ಲಿ ಜನ ಸತ್ತರು. ಗಾಳಿ ಬೆಳಕು ಇರುವ ಊರು ಬೇಕೆಂಬ ಅರಿವು ಮೂಡಿ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಅಗಲವಾದ ನೇರ ರಸ್ತೆಗಳು, ಅಡ್ಡ ರಸ್ತೆಗಳು, ಸಾಲುಮರ, ಮನೆಯ ಸುತ್ತ ಜಾಗ. ಹೆಸರು ಕೊಟ್ಟ ದೊಡ್ಡ ಬಸವಣ್ಣ ಮಾತ್ರ ಇದಕ್ಕೆಲ್ಲ ಎಷ್ಟೋ ಹಿಂದಿನವನು, ಕೆಂಪೇಗೌಡರ ಕಾಲದವನು. ಕಾರ್ತಿಕದ ಕೊನೆಯ ಸೋಮವಾರ ಅವನ ಮುಂದೆ ಕಡಲೆಕಾಯಿ ಪರಿಷೆ ಇಂದಿಗೂ ನಡೆಯುತ್ತದೆ. ಸಾವಿನ ಭಯದಿಂದ ಹುಟ್ಟಿದ ಬಡಾವಣೆ ಇಷ್ಟು ಚೆಂದವಾಗಿ ಅರಳಿತಲ್ಲ ಎಂಬುದು ನನ್ನ ಭಾಷಣದ ಮೊದಲ ವಾಕ್ಯವಾಗಿತ್ತು.

ಚಿಕ್ಕಮ್ಮನ ಮನೆ ಅಂಥದ್ದೇ. ಕಬ್ಬಿಣದ ಗೇಟು, ಪಾರಿಜಾತದ ಗಿಡ, ನಾಲ್ಕು ಮೆಟ್ಟಿಲು, ಕಂಬಗಳಿರುವ ಜಗಲಿ. ಮುಂದಿನ ಕಿಟಕಿಗಳ ಮೇಲೆ ಟೋಪಿಯಂತೆ ಇಳಿದ ಮರದ ಪಟ್ಟಿಗಳ ಜಾಲರಿ. ಬೆಂಗಳೂರಿನವರು ಅದಕ್ಕೆ 'ಮಂಕಿ ಟಾಪ್' ಎನ್ನುತ್ತಾರೆ. ಬಿಸಿಲನ್ನೂ ಎರಚಲನ್ನೂ ತಡೆದು ಗಾಳಿಯನ್ನು ಮಾತ್ರ ಒಳಗೆ ಬಿಡುತ್ತದೆ. ಮೇಲೆ ಮದ್ರಾಸ್ ತಾರಸಿ. ಅಂದರೆ ತೇಗದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂಡಿಸಿದ ಚಾವಣಿ. ನೆಲ ಕೆಂಪು ಗಾರೆ, ಅರವತ್ತು ವರ್ಷ ಒರೆಸಿ ಒರೆಸಿ ಕನ್ನಡಿಯಾಗಿದೆ. ಏಪ್ರಿಲಿನ ಮಧ್ಯಾಹ್ನ ಆ ನೆಲದ ಮೇಲೆ ಬರಿ ಮೈಚಾಚಿ ಮಲಗಿದ ಸುಖ ನನಗೆ ಇನ್ನೆಲ್ಲೂ ಸಿಕ್ಕಿಲ್ಲ.

ಇದನ್ನೆಲ್ಲ ನಾನು ಚಿಕ್ಕಮ್ಮನ ಮುಂದೆ ಮತ್ತೊಮ್ಮೆ ಒಪ್ಪಿಸಿದೆ. ಎಂಬತ್ತರ ಮೇಲೆ ಒಂದು ಅವರಿಗೆ. ಹುರುಳಿಕಾಯಿ ನಾರು ತೆಗೆಯುತ್ತಾ ಪೂರ್ತಿ ಕೇಳಿದರು.

"ಹೊಗಳೋದಕ್ಕೇನೇ, ನೀನು ಬೇಸಿಗೆ ರಜಕ್ಕೆ ಬಂದು ಹೋಗ್ತಿದ್ದೋಳು. ನಾನು ಈ ಮನೇಲಿ ಅಡುಗೆ ಮಾಡಿದೋಳು. ಅಡುಗೆಮನೆಯಿಂದ ಜಗಲಿಗೆ ಎಷ್ಟು ಹೆಜ್ಜೆ ಗೊತ್ತಾ? ಮೂವತ್ತೆಂಟು. ಹೋಗಿ ಎಣಿಸ್ಕೊಂಡು ಬಾ."

ಎಣಿಸಿದೆ. ನನಗೆ 35 ಬಂತು. ಅವರು ಕೈಯಲ್ಲಿ ಕಾಫಿ ತಟ್ಟೆ ಹಿಡಿದು ಎಣಿಸಿದವರು, ಹೆಜ್ಜೆ ಚಿಕ್ಕದಾಗಿದ್ದಿರಬೇಕು.

ಆ ಜಗಲಿಯಲ್ಲಿ ಚಿಕ್ಕಪ್ಪನ ಸ್ನೇಹಿತರ ಗೋಷ್ಠಿ ಸೇರುತ್ತಿತ್ತು. ಹತ್ತಿರದಲ್ಲೇ 1945ರಲ್ಲಿ ಡಿ.ವಿ.ಜಿ.ಯವರು ಕಟ್ಟಿದ ಗೋಖಲೆ ಸಂಸ್ಥೆ, ಅದೇ ವರ್ಷ ಬಿ.ಪಿ. ವಾಡಿಯಾ ಅವರು ಆರಂಭಿಸಿದ ವಿಶ್ವ ಸಂಸ್ಕೃತಿ ಸಂಸ್ಥೆ. ಅಲ್ಲಿ ಉಪನ್ಯಾಸ ಕೇಳಿ ಬಂದವರು ಇಲ್ಲಿ ಕುಳಿತು ಚರ್ಚೆ ಮುಂದುವರಿಸುತ್ತಿದ್ದರು. ನಾನು ಕಂಬ ಹಿಡಿದು ನಿಂತು ಕೇಳಿದ್ದೇನೆ. ಕನ್ನಡದ ರುಚಿ ನನಗೆ ಹತ್ತಿದ್ದೇ ಅಲ್ಲಿ. ಆದರೆ ಆ ಮಾತಿಗೆ ಬೇಕಾದ ಕಾಫಿ ಎಲ್ಲಿಂದ ಬರುತ್ತಿತ್ತು ಎಂದು ನೆನಪಿಸಿಕೊಂಡರೆ ಬಾಗಿಲಿನ ಮರೆಯಿಂದ ಚಾಚಿದ ಬಳೆಯ ಕೈ ಮಾತ್ರ ಕಣ್ಣಿಗೆ ಬರುತ್ತದೆ. ಮುಖ ಬರುವುದಿಲ್ಲ.

ಅಂದು ಮೊದಲ ಬಾರಿಗೆ ನಾನು ಆ ಅಡುಗೆಮನೆಯನ್ನು ವಿಮರ್ಶಕಿಯ ಕಣ್ಣಿನಿಂದ ನೋಡಿದೆ. ಮನೆಯ ಕಟ್ಟಕಡೆಯ ಕೋಣೆ. ಒಂದು ಅಂಗೈಯಗಲದ ಕಿಟಕಿ, ಅದೂ ಬಚ್ಚಲಿನ ಕಡೆಗೆ. ಸೌದೆ ಒಲೆ ಹೋಗಿ ಸೀಮೆಎಣ್ಣೆ ಸ್ಟವ್ ಬಂತು, ಅದು ಹೋಗಿ ಗ್ಯಾಸು ಬಂತು, ಗೋಡೆಯ ಮಸಿ ಮಾತ್ರ ಹೋಗಿಲ್ಲ. ಗಾಳಿ ಬೆಳಕಿಗಾಗಿಯೇ ಹುಟ್ಟಿದ ಬಡಾವಣೆಯಲ್ಲಿ, ದಿನಕ್ಕೆ ಹತ್ತು ಗಂಟೆ ಹೆಂಗಸು ನಿಲ್ಲುವ ಕೋಣೆಗೆ ಗಾಳಿಯೂ ಇಲ್ಲ, ಬೆಳಕೂ ಇಲ್ಲ! ಅದರಾಚೆ ಹಿತ್ತಿಲು, ಹಿತ್ತಿಲಿನಾಚೆ ಜಾಡಮಾಲಿಗಳು ಓಡಾಡಲೆಂದೇ ಬಿಟ್ಟ ಕಿರಿದಾದ ಸಂದಿ. ಆ ಸಂದಿಯಿಂದ ಬಂದು ಹೋಗುತ್ತಿದ್ದವರ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಮನೆಯ ಮುಂಭಾಗಕ್ಕೆ ನಾನು ನೂರಕ್ಕೆ ತೊಂಬತ್ತು ಕೊಡುತ್ತಿದ್ದೆ. ಹಿಂದಿನ ಪುಟ ತಿರುಗಿಸದೆ ಅಂಕ ಹಾಕಿದ ಮೇಡಂ ನಾನು.

ಊಟ ತಿಂಡಿಯ ವಿಷಯಕ್ಕೂ ಇದೇ ಮಾತು. ಬಸವನಗುಡಿ ಎಂದರೆ ವಿದ್ಯಾರ್ಥಿ ಭವನದ ಮಸಾಲೆದೋಸೆ ಎಂದು ನಾವೆಲ್ಲ ಬಾಯಿ ಚಪ್ಪರಿಸುತ್ತೇವೆ. 1943ರಲ್ಲಿ ಸುತ್ತಲಿನ ಶಾಲೆಗಳ ಹುಡುಗರಿಗಾಗಿ ಗಾಂಧಿ ಬಜಾರಿನಲ್ಲಿ ಆರಂಭವಾದ ಹೋಟೆಲು. "ಅಲ್ಲಿ ದೋಸೆ ತಿಂದಿದ್ದೀರಲ್ಲ ಚಿಕ್ಕಮ್ಮ?" ಎಂದೆ. "ತಿಂದಿದೀನಿ, ನಿಮ್ಮ ಚಿಕ್ಕಪ್ಪ ಪೊಟ್ಟಣ ಕಟ್ಟಿಸಿಕೊಂಡು ತರ್ತಿದ್ರಲ್ಲ" ಎಂದರು. ಹೋಟೆಲಿನವರು ಹೆಂಗಸರನ್ನು ತಡೆದಿರಲಿಲ್ಲ. ತಡೆದದ್ದು ನಮ್ಮ ಮನೆಯ ಪದ್ಧತಿ. ಆ ಕಾಲದ ಅನೇಕ ಹೋಟೆಲುಗಳಲ್ಲಿ 'ಫ್ಯಾಮಿಲಿ ರೂಂ' ಎಂಬ ಪರದೆಯೂ ಇರುತ್ತಿತ್ತು. ಪರದೆಯ ಹಿಂದೆ ಕುಳಿತು ತಿನ್ನುವುದೂ ನಮ್ಮವರಿಗೆ ಹೆಚ್ಚೆನಿಸಿತ್ತು.

ಮರುದಿನ ಹಠ ಹಿಡಿದು ಆಟೋದಲ್ಲಿ ಅವರನ್ನು ಕರೆದೊಯ್ದೆ. ಹೆಸರು ಬರೆಸಿ ಕಾದೆವು. ಒಳಗೆ ಗೋಡೆಯ ಮೇಲೆ ಸಾಹಿತಿಗಳ ಚಿತ್ರಗಳು, ಎದುರು ತೋಳಿನುದ್ದಕ್ಕೂ ದೋಸೆಯ ತಟ್ಟೆಗಳನ್ನು ಜೋಡಿಸಿಕೊಂಡು ಬರುವ ಮಾಣಿ. ದೋಸೆ ಬಂತು. ದಪ್ಪ, ಹೊರಗೆ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ, ಜೊತೆಗೆ ತೆಳು ಚಟ್ನಿ. ಚಿಕ್ಕಮ್ಮ ಮೊದಲ ತುತ್ತು ಬಾಯಿಗಿಟ್ಟು ಅಗಿಯುವುದನ್ನು ನಿಲ್ಲಿಸಿದರು.

"ಇದು ಬೇರೆ ತಿಂಡಿ ಕಣೇ" ಎಂದರು. "ನಾನು ಇಷ್ಟು ವರ್ಷ ತಿಂದಿದ್ದು ಇದಲ್ಲ."

ನಿಜ. ಬಾಳೆಲೆ, ಪೇಪರು ಸುತ್ತಿ ಮನೆಗೆ ಬರುವಷ್ಟರಲ್ಲಿ ಹಬೆ ಕೂತು ಗರಿ ಸತ್ತಿರುತ್ತದೆ. ಈ ದೋಸೆಯ ಜೀವವಿರುವುದೇ ಕಾವಲಿಯಿಂದ ಎದ್ದ ಮೊದಲ ಐದು ನಿಮಿಷದಲ್ಲಿ. ಊರೆಲ್ಲ ಹಾಡಿ ಹೊಗಳುವ ಆ ಐದು ನಿಮಿಷ, ಹೋಟೆಲಿಗೆ ಕಾಲು ಗಂಟೆಯ ದಾರಿಯಲ್ಲಿದ್ದ ಹೆಂಗಸಿಗೆ ಎಂಬತ್ತೊಂದು ವರ್ಷವಾಗುವವರೆಗೂ ಸಿಗಲಿಲ್ಲ.

ಹಿಂದಿರುಗುವಾಗ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಮುಂದೆ ಆಟೋ ನಿಲ್ಲಿಸಿದೆ. 1965ರ ಅಂಗಡಿ. ಇಡ್ಲಿ, ವಡೆ, ಖಾರಾಬಾತು, ಕೇಸರಿಬಾತು. ಚಟ್ನಿ ಉಂಟು, ಸಾಂಬಾರಿಲ್ಲ. ಕೆಲವನ್ನೇ ಮಾಡಿ ಅಚ್ಚುಕಟ್ಟಾಗಿ ಮಾಡುವ ಈ ಹಠ ಬಸವನಗುಡಿಯ ಒಳ್ಳೆಯ ಗುಣ. ಕಾಲೇಜು ಹುಡುಗಿಯರು, ನೈಟಿಯ ಮೇಲೆ ದುಪಟ್ಟಾ ಹೊದ್ದ ಗೃಹಿಣಿಯರು, ಗಂಡಸರ ನಡುವೆಯೇ ನಿಂತು ತಿನ್ನುತ್ತಿದ್ದರು. ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಚಿಕ್ಕಮ್ಮ ಆಟೋದಿಂದಲೇ ನೋಡಿ, "ನಿಂತು ತಿನ್ನೋದು ಹೆಂಗಸರಿಗೆ ಹೊಸದೇನಲ್ಲ ಬಿಡು. ಅಡುಗೆಮನೇಲಿ ನಾವೂ ನಿಂತೇ ತಿಂತಿದ್ವಿ" ಎಂದರು.

ಹಾಗಾದರೆ ಮನೆ ಬೀಳಲಿ ಎಂದೇ? ಅದನ್ನೂ ಕೇಳಿದೆ. ಅವರ ಉತ್ತರ ನನಗಿಂತ ಖಚಿತವಾಗಿತ್ತು. "ಬೀಳ್ಸಿ ಅಂತ ನಾನೆಲ್ಲಿ ಹೇಳ್ದೆ? ಉಳಿಸೋದಾದ್ರೆ ಜಗಲಿ ಒಂದೇ ಉಳಿಸಬೇಡಿ. ಹಿಂದಿನ ಗೋಡೆ ಒಡೆದು ಕಿಟಕಿ ಇಡ್ಸಿ. ಅಡುಗೆಮನೇನ ಮುಂದಕ್ಕೆ ತನ್ನಿ."

ನನ್ನ ಅಭಿಪ್ರಾಯ ಈಗ ಇಷ್ಟು. ಬಸವನಗುಡಿಯ ಮನೆಗಳು ದಾರಿಹೋಕರಿಗೆ ತೋರಿಸಿದ ಸೌಜನ್ಯವನ್ನು ಇಂದಿನ ಗಾಜಿನ ಕಟ್ಟಡಗಳು ತೋರಿಸುವುದಿಲ್ಲ. ನೆರಳು, ಹೂವು, ಕೂರಲು ಜಗಲಿ ಕೊಟ್ಟ ಮನೆಗಳವು. ಅವನ್ನು ಉಳಿಸಬೇಕು. ಆದರೆ ಮುಖದ ಅಂದವನ್ನಷ್ಟೇ ಉಳಿಸಿ ಹಿಂದೆ ಏನನ್ನೋ ಕಟ್ಟುವುದಾಗಲಿ, ಒಳಗಿನ ಕತ್ತಲೆಯನ್ನೂ ಪರಂಪರೆಯೆಂದು ಪೂಜಿಸುವುದಾಗಲಿ ಉಳಿಸಿದಂತಲ್ಲ. ಹಳೆಯ ಮನೆ ಚೆನ್ನಾಗಿದೆ ಎನ್ನುವವರು ಹಿಂಬಾಗಿಲಿನಿಂದ ಒಳಗೆ ಬಂದು ಆ ಮಾತು ಹೇಳಲಿ. ಮಹಿಳಾ ಸಮಾಜದಲ್ಲಿ ನಾನು ಇನ್ನೊಂದು ಭಾಷಣ ಮಾಡಬೇಕಾಗಿದೆ.

ಮನೆಯ ಮಾತು ಇನ್ನೂ ಮುಗಿದಿಲ್ಲ. ಒಡಹುಟ್ಟಿದವರೆಲ್ಲ ಒಪ್ಪಬೇಕು, ಫ್ಲ್ಯಾಟಿನ ಆಸೆ ಸಣ್ಣದಲ್ಲ. ನಾನು ಹೊರಡುವ ಸಂಜೆ ಚಿಕ್ಕಮ್ಮ ಜಗಲಿಯಲ್ಲಿ, ಚಿಕ್ಕಪ್ಪನ ಬೆತ್ತದ ಕುರ್ಚಿಯಲ್ಲಿ ಕುಳಿತಿದ್ದರು. ತಮ್ಮ ಒಳಗಿನಿಂದ ಎರಡು ಲೋಟ ಕಾಫಿ ತಂದ. ಒಂದಿಷ್ಟು ತಟ್ಟೆಗೆ ಚೆಲ್ಲಿತ್ತು.

"ಎಷ್ಟು ಹೆಜ್ಜೆ ಆಯ್ತಪ್ಪ?" ಎಂದರು ಚಿಕ್ಕಮ್ಮ.

ಅವನಿಗೆ ಅರ್ಥವಾಗಲಿಲ್ಲ. ನಾನು ಲೋಟ ತೆಗೆದುಕೊಂಡೆ.