ಪೆಟ್ಟಿಗೆಯೊಳಗಿನ ದನಿ, ಹೆಂಡತಿಯ ಒಪ್ಪಿಗೆ

ಗಂಡಸರ ಹವ್ಯಾಸಗಳಲ್ಲಿ ಕೆಲವು ನಮಗೆ ಸುಲಭವಾಗಿ ಅರ್ಥವಾಗುತ್ತವೆ. ಅಂಚೆಚೀಟಿ ಕೂಡಿಡುವುದು, ಕ್ರಿಕೆಟ್ಟಿನ ಲೆಕ್ಕ ಬಾಯಿಪಾಠ ಮಾಡುವುದು, ಭಾನುವಾರ ಬಂತೆಂದರೆ ಸ್ಕೂಟರು ಬಿಚ್ಚಿ ಅಂಗಳದ ತುಂಬ ಹರವಿಕೊಂಡು ಕೂರುವುದು. ಆದರೆ ಹಾಡು ಕೇಳುವ ಯಂತ್ರದ ಹುಚ್ಚು ಹಿಡಿದವರ ರೀತಿಯೇ ಬೇರೆ. ಅವರು ಹಾಡಿಗಿಂತ ಹಾಡು ಹೊರಬರುವ ಪೆಟ್ಟಿಗೆಯ ಬಗ್ಗೆ ಹೆಚ್ಚು ಮಾತಾಡುತ್ತಾರೆ. ಪೆಟ್ಟಿಗೆಗಿಂತ ಅದರೊಳಗಿನ ಡ್ರೈವರಿನ ಬಗ್ಗೆ ಇನ್ನೂ ಹೆಚ್ಚು. ಯಾರೋ ಕಾರು ಓಡಿಸುವವನ ಗುಣಗಾನ ನಡೆದಿದೆ ಎಂದು ತಿಳಿದೀರಿ. ಅಲ್ಲ. ಸ್ಪೀಕರು ಪೆಟ್ಟಿಗೆಯ ಮುಂದಿನ ಬಟ್ಟೆ ತೆಗೆದರೆ ಕಾಣುವ ದುಂಡನೆಯ ಕಾಗದದ ಬಟ್ಟಲಿದೆಯಲ್ಲ, ಅದೇ ಡ್ರೈವರ್.

ಅದರ ಕೆಲಸವೂ ಕಷ್ಟದ್ದಲ್ಲ. ಹಿಂದೊಂದು ಅಯಸ್ಕಾಂತ, ಅದರ ಸಂದಿನಲ್ಲಿ ತೆಳು ತಂತಿಯ ಸುರುಳಿ, ಸುರುಳಿಗೆ ಅಂಟಿಸಿದ ಬಟ್ಟಲು. ತಂತಿಯಲ್ಲಿ ವಿದ್ಯುತ್ತು ಏರಿಳಿದಂತೆ ಸುರುಳಿ ಹಿಂದೆ ಮುಂದೆ ಅಲುಗುತ್ತದೆ, ಜೊತೆಗೆ ಬಟ್ಟಲೂ ಅಲುಗಿ ಗಾಳಿಯನ್ನು ತಳ್ಳುತ್ತದೆ. ಆ ಗಾಳಿಯ ಅಲೆಯೇ ನಮ್ಮ ಕಿವಿಗೆ ಹಾಡು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬಿಬ್ಬರು 1925ರಲ್ಲಿ ಇದರ ಬಗೆಯನ್ನು ಬರೆದು ಪ್ರಕಟಿಸಿದರು. ನೂರು ವರ್ಷ ಕಳೆದರೂ ಮೂಲ ಉಪಾಯ ಹಾಗೆಯೇ ಇದೆ. ಒರಳಿನ ಹಾಗೆ, ಅದಕ್ಕೆ ಮೋಟಾರು ಬಂದಿರಬಹುದು, ಕಲ್ಲು ತಿರುಗುವುದು ತಪ್ಪಿಲ್ಲ.

ಉಪಾಯ ಒಂದೇ ಆದಮೇಲೆ ಇಷ್ಟೊಂದು ಪಂಗಡಗಳೇಕೆ? ಕಾರಣ ಇಷ್ಟೇ: ಒಂದೇ ಬಟ್ಟಲು ಎಲ್ಲ ಸ್ವರಗಳನ್ನೂ ಸಮನಾಗಿ ನುಡಿಸಲಾರದು. ಮೃದಂಗದ ಎಡಗಡೆಯ ಗುಮ್ಮೆನ್ನುವ ನಾದಕ್ಕೆ ತುಂಬ ಗಾಳಿ ತಳ್ಳಬೇಕು, ದೊಡ್ಡ ಬಟ್ಟಲು ಬೇಕು. ತಾಳದ ಕಿಣಿಕಿಣಿಗೆ ಸೆಕೆಂಡಿಗೆ ಸಾವಿರಾರು ಸಲ ಅಲುಗಬೇಕು, ಹಗುರವಾದ ಚಿಕ್ಕ ಬಟ್ಟಲು ಬೇಕು. ಆದ್ದರಿಂದ ಹೆಚ್ಚಿನವರು ಕೆಲಸವನ್ನು ಇಬ್ಬರಿಗೆ, ಮೂವರಿಗೆ ಹಂಚುತ್ತಾರೆ. ಒಬ್ಬನಿಂದಲೇ ಎಲ್ಲ ಮಾಡಿಸುತ್ತೇನೆ ಎಂಬ ಹಟದವರೂ ಇದ್ದಾರೆ. ಅವರ ಆರಾಧ್ಯದೈವ ಇಂಗ್ಲೆಂಡಿನ ಲೌದರ್. ಪಾಲ್ ವಾಯ್ಟ್ ಎಂಬ ಎಂಜಿನಿಯರನ ಕೆಲಸದಿಂದ ಬೆಳೆದು ಬಂದ, ಕಾಗದದ ಬಟ್ಟಲಿನ ನಡುವೆ ಇನ್ನೊಂದು ಪುಟ್ಟ ಬಟ್ಟಲು ಇಟ್ಟ ಡ್ರೈವರ್ ಅದು. ಅಷ್ಟು ಹಣವಿಲ್ಲದವರಿಗೆ ಜಪಾನಿನ ಫಾಸ್ಟೆಕ್ಸ್ ಕಂಪನಿಯ ಎಫ್‌ಇ103, ಅಂಗೈಯಗಲದ 10 ಸೆಂಟಿಮೀಟರಿನದು. ಆ ಕಂಪನಿ ಕೆಲವು ಮಾದರಿಗಳ ಬಟ್ಟಲಿಗೆ ಬಾಳೆಗಿಡದ ನಾರು ಬೆರೆಸಿದ ಕಾಗದವನ್ನು ಬಳಸಿತು ಎಂದು ಕೇಳಿದಾಗ ನನಗೆ ಖುಷಿಯಾಯಿತು. ಮಲ್ಲಿಗೆ ಕಟ್ಟಲು ನಾವು ನೆನೆಹಾಕುವ ನಾರು ಅಲ್ಲಿ ಹಾಡುತ್ತದೆ!

ಈ ಪಂಗಡಗಳೆಲ್ಲ ಹೆಚ್ಚುಕಡಿಮೆ ಗೌರವದಿಂದ ಹೆಸರೆತ್ತುವ ಒಂದು ಜೋಡಿಯಿದೆ: ಕೆಫ್ ಕಂಪನಿಯ ಬಿ110 ಮತ್ತು ಟಿ27. ಎರಡನ್ನೂ ಸೇರಿಸಿ ಮಾಡಿದ ಪುಟ್ಟ ಪೆಟ್ಟಿಗೆಯ ಹೆಸರು ಎಲ್‌ಎಸ್ 3/5ಎ. ಅಡಿಗೆಮನೆಯ ಡಬ್ಬಿಯ ಮೇಲೆ ಅಂಟಿಸಿದ ಚೀಟಿಯಂತಿದೆ ಹೆಸರು. ಆದರೆ ಇದರ ಬಗ್ಗೆ ಬರೆದಷ್ಟು ಹೊಗಳಿಕೆ ಮನೆಯೊಳಗಿನ ಬೇರೆ ಸ್ಪೀಕರುಗಳ ಬಗ್ಗೆ ಬಂದದ್ದು ಕಡಿಮೆ. ಆ ಹೊಗಳಿಕೆಯಲ್ಲಿ ಎಷ್ಟು ಹುರುಳು, ಎಷ್ಟು ಭಜನೆ ಎಂದು ನೋಡಬೇಕೆನಿಸಿತು.

ಇದು ಮನೆಗೆಂದು ಹುಟ್ಟಿದ್ದಲ್ಲ. 1970ರ ದಶಕದ ಆರಂಭದಲ್ಲಿ ಬಿಬಿಸಿಯ ಸಂಶೋಧನಾ ವಿಭಾಗದವರು, ಊರೂರಿಗೆ ಹೋಗಿ ಕಾರ್ಯಕ್ರಮ ಬಿತ್ತರಿಸುವ ವ್ಯಾನಿನೊಳಗೆ ಕೂತ ಎಂಜಿನಿಯರು ದನಿ ಸರಿಯಾಗಿದೆಯೇ ಎಂದು ಕೇಳಿ ತಿಳಿಯಲು ಇದನ್ನು ರೂಪಿಸಿದರು. ಇಕ್ಕಟ್ಟಾದ ಜಾಗ, ದೊಡ್ಡ ಪೆಟ್ಟಿಗೆ ಹಿಡಿಸದು. ಒಂದಡಿ ಎತ್ತರ, ಏಳೂವರೆ ಅಂಗುಲ ಅಗಲದ ಬರ್ಚ್ ಹಲಗೆಯ ಪೆಟ್ಟಿಗೆಯೊಳಗೆ ಎಲ್ಲ ಆಗಬೇಕು. ಅಲ್ಲಿ ಮುಖ್ಯವಾದದ್ದು ಸಂಗೀತದ ಅಬ್ಬರವಲ್ಲ, ಮನುಷ್ಯನ ಮಾತು. ಪಕ್ಕದ ಕೋಣೆಯಲ್ಲಿ ಒಬ್ಬನನ್ನು ಮಾತಾಡಿಸಿ, ಅವನ ನಿಜದನಿಯನ್ನೂ ಪೆಟ್ಟಿಗೆಯ ದನಿಯನ್ನೂ ಹೋಲಿಸಿ ನೋಡುವುದು ಬಿಬಿಸಿಯವರ ಹಳೆಯ ಪದ್ಧತಿ. ಮಾತು ಸುಲಭವೆಂದು ಕಾಣುತ್ತದೆ, ಆದರೆ ಅದೇ ಕಠಿಣ ಪರೀಕ್ಷೆ. ಪಿಟೀಲು ಒಂದು ಕೂದಲೆಳೆ ಬೇರೆಯಾಗಿ ಕೇಳಿಸಿದರೆ ಎಲ್ಲರಿಗೂ ಗೊತ್ತಾಗದು. ಅಮ್ಮನ ದನಿ ಬೇರೆಯಾಗಿ ಕೇಳಿಸಿದರೆ ಕೂಸಿಗೂ ಗೊತ್ತಾಗುತ್ತದೆ.

ಬಿ110 ಐದು ಅಂಗುಲದ ಡ್ರೈವರ್. ಅದರ ಬಟ್ಟಲು ಕಾಗದದ್ದಲ್ಲ, ಬೆಕ್ಸ್‌ಟ್ರೀನ್ ಎಂಬ ಪ್ಲಾಸ್ಟಿಕ್ಕಿನದು. ಕಾಗದ ಹವೆಗೆ ತಕ್ಕಂತೆ ಬದಲಾಗುತ್ತದೆ, ಒಂದರಂತೆ ಇನ್ನೊಂದಿರದು. ಪ್ಲಾಸ್ಟಿಕ್ಕಾದರೆ ಒಂದೇ ಅಚ್ಚು. ಆದರೆ ಬರಿಯ ಪ್ಲಾಸ್ಟಿಕ್ಕು ತನ್ನದೇ ದನಿ ಸೇರಿಸುತ್ತದೆ, ಅದಕ್ಕೇ ಮೇಲೆ ಅಂಟಿನಂಥ ಲೇಪ. ಮಾತಿನ ಬಹುಪಾಲು ಭಾರ ಹೊರುವುದು ಇದೇ. ಸುಮಾರು 3,000 ಹರ್ಟ್ಸ್ ದಾಟಿದ ಮೇಲೆ, ಅಂದರೆ ಸೆಕೆಂಡಿಗೆ 3,000 ಕಂಪನಗಳಾಚೆ, ಕೆಲಸವನ್ನು ಟಿ27ಕ್ಕೆ ಒಪ್ಪಿಸುತ್ತದೆ. ಟಿ27ರ ನಡುವಿನ ಗುಮ್ಮಟ ಬರೇ 19 ಮಿಲಿಮೀಟರು, ಹೆಚ್ಚುಕಡಿಮೆ ಅಂಗಿಯ ದೊಡ್ಡ ಗುಂಡಿಯಷ್ಟು. ಅಂಚಿನಿಂದ ಸದ್ದು ಚದುರದಂತೆ ಸುತ್ತಲೂ ಉಣ್ಣೆಯ ಕಂಬಳಿಯಂಥ ದಪ್ಪ ಪಟ್ಟಿ ಅಂಟಿಸಿರುತ್ತಾರೆ.

ಇನ್ನು ಕೇಳಿದ್ದನ್ನು ಹೇಳುತ್ತೇನೆ. ಬೆಂಗಳೂರಿನಲ್ಲಿರುವ ನಮ್ಮ ಭಾವನವರ ಮನೆಯಲ್ಲಿ ಇಂಥದೊಂದು ಜೋಡಿಯಿದೆ. ನಾನು ಹಾಕಿಸಿದ್ದು ಗಂಗೂಬಾಯಿ ಹಾನಗಲ್ಲರನ್ನು. ಬೇಕೆಂದೇ ಹಾಕಿಸಿದೆ. ಹೆಣ್ಣುದನಿಯೆಂದರೆ ಕೊಳಲಿನಂತೆ ತೆಳ್ಳಗಿರಬೇಕೆಂದು ಎಣಿಸಿದವರನ್ನೆಲ್ಲ ಸುಳ್ಳು ಮಾಡಿದ ದನಿ ಅದು. ಎಳೆಯ ವಯಸ್ಸಿನಲ್ಲಿ ಅವರದೂ ತೆಳುದನಿಯೇ. ಗಂಟಲಿನ ತೊಂದರೆ, ಚಿಕಿತ್ಸೆಗಳಾದ ಮೇಲೆ ಅದು ಘನವಾಯಿತು. ಸಾಮಾನ್ಯ ಸೆಟ್ಟಿನಲ್ಲಿ ಈ ದನಿ ಕೇಳಿದ ಹೊಸಬರು ಗಂಡಸು ಹಾಡುತ್ತಿದ್ದಾನೆ ಎಂದುಬಿಡುತ್ತಾರೆ. ಭಾವನವರ ಪೆಟ್ಟಿಗೆಯಲ್ಲಿ ಹಾಗಾಗಲಿಲ್ಲ. ಘನವಾದ ದನಿಯೊಳಗೆ ಹೆಂಗಸಿದ್ದಳು. ಉಸಿರು ತೆಗೆದುಕೊಳ್ಳುವ ಜಾಗ, ಅಕ್ಷರಕ್ಕೆ ತುಟಿ ಕೂಡುವ ಕ್ಷಣ, ಸ್ವರವನ್ನು ಒತ್ತಿ ಹಿಡಿದಾಗಿನ ಗಂಟಲಿನ ಒರಟು, ಎಲ್ಲ ಎರಡು ಪೆಟ್ಟಿಗೆಗಳ ನಡುವಿನ ಖಾಲಿ ಗೋಡೆಯ ಮುಂದೆ ಆಳೊಂದು ಕೂತಂತೆ ಕೇಳಿಸಿತು. ಹೊಗಳಿಕೆಯ ಈ ಭಾಗದಲ್ಲಿ ಸುಳ್ಳಿಲ್ಲ.

ಆದರೆ ಕೊರತೆಯನ್ನೂ ಹೇಳಬೇಕು. ತಬಲದ ಎಡಗೈ ಸೊರಗಿತ್ತು. ಸುಮಾರು 80 ಹರ್ಟ್ಸಿಗಿಂತ ಕೆಳಗಿನ ನಾದವನ್ನು ಈ ಪುಟ್ಟ ಪೆಟ್ಟಿಗೆ ಹಿಡಿಯಲಾರದು. ಅದಕ್ಕಿಂತ ತುಸು ಮೇಲಿನದನ್ನು ಕೊಂಚ ಉಬ್ಬಿಸಿ, ಕೆಳಗೂ ಏನೋ ಇದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಬಡವರ ಮನೆಯ ಮಜ್ಜಿಗೆಹುಳಿಗೆ ಹಿಟ್ಟು ಕದಡಿ ಗಟ್ಟಿಯಾಗಿಸಿದ ಹಾಗೆ, ತಪ್ಪೆನ್ನುವಂತಿಲ್ಲ. ಜೋರಾಗಿಟ್ಟರೆ ಉಸಿರುಗಟ್ಟುತ್ತದೆ. ಮದುವೆಮನೆಯ ನಾಗಸ್ವರ, ಡೋಲು ಇದರ ಪಾಲಿನದಲ್ಲ. ಒಂದು ಕೋಣೆ, ಒಂದು ದನಿ, ಒಂದಿಬ್ಬರು ಕೇಳುವವರು, ಇಷ್ಟೇ ಇದರ ಸೀಮೆ. ಸೀಮೆಯೊಳಗೆ ಅದು ಬಹಳ ಪ್ರಾಮಾಣಿಕ.

ಅಭಿಮಾನಿಗಳೊಡನೆ ನನ್ನ ಜಗಳ ಬೇರೆ. ಅವರು ಬಿ110 ಎಂಬ ಬಟ್ಟಲನ್ನೇ ಪೂಜಿಸುತ್ತಾರೆ, ಹಳೆಯ ಒಂದು ಜೋಡಿಗೆ ಚಿನ್ನದ ಬೆಲೆ ತೆರುತ್ತಾರೆ. ಆದರೆ ಈ ಡ್ರೈವರನ್ನು ಹಾಗೆಯೇ ಬಿಟ್ಟರೆ 1,000 ಹರ್ಟ್ಸಿನಿಂದ ಮೇಲಕ್ಕೆ ಒಂದೆಡೆ ದನಿ ಉಬ್ಬುತ್ತದೆ. ಅದನ್ನು ತಗ್ಗಿಸಿ, ಇಬ್ಬರಿಗೂ ಕೆಲಸ ಹಂಚಿಕೊಡುವುದು ಪೆಟ್ಟಿಗೆಯ ಹಿಂದೆ ಕೂತ ತಂತಿಸುರುಳಿಗಳ ಒಂದು ಹಲಗೆ, ಕ್ರಾಸ್‌ಓವರ್ ಎನ್ನುತ್ತಾರೆ. ಕೆಫ್‌ನವರು ಡ್ರೈವರುಗಳನ್ನು ಬದಲಿಸಿದಾಗ ಬಿಬಿಸಿಯವರು ಇಡೀ ವಿನ್ಯಾಸವನ್ನೇ ಮತ್ತೆ ಮಾಡಬೇಕಾಯಿತು. ಎಲ್‌ಎಸ್ 3/5 ಎಂಬುದರ ಬಾಲಕ್ಕೆ 'ಎ' ಸೇರಿದ್ದೇ ಆಗ. ಎಂದಮೇಲೆ ಹಿರಿಮೆ ಯಾರದು? ಬಟ್ಟಲಿನದೋ, ಬಟ್ಟಲಿನ ದೋಷ ತಿಳಿದು ತಿದ್ದಿದ ಹಲಗೆಯದೋ? ಸಾರು ರುಚಿಯಾದಾಗ ಬೇಳೆಯನ್ನು ಹೊಗಳಿ, ಹದ ಮಾಡಿದವಳನ್ನು ಮರೆಯುವ ಅಭ್ಯಾಸ ನಮಗೆ ಹೊಸದಲ್ಲ.

ಮರೆಯುವ ಮಾತು ಬಂತು, ಹೆಸರುಗಳ ಕತೆ ಹೇಳಿಬಿಡುತ್ತೇನೆ. ಬಿಬಿಸಿಯಲ್ಲಿ ಈ ಕೆಲಸದ ಹಿಂದಿದ್ದವರಲ್ಲಿ ಡಡ್ಲಿ ಹಾರ್ವುಡ್ ಒಬ್ಬರು. ಅವರು 1977ರಲ್ಲಿ ಸ್ವಂತ ಕಂಪನಿ ತೆರೆದಾಗ ತಮ್ಮ ಹೆಸರಿನ ತುಣುಕಿಗೆ ಹೆಂಡತಿ ಎಲಿಜಬೆತ್ ಹೆಸರಿನ ತುಣುಕು ಸೇರಿಸಿ ಹಾರ್ಬೆತ್ ಎಂದಿಟ್ಟರು. ಅದೇ ವಿಭಾಗದಲ್ಲಿದ್ದ ಸ್ಪೆನ್ಸರ್ ಹ್ಯೂಸ್ ಅದಕ್ಕೂ ಮೊದಲೇ ಹೆಂಡತಿ ಡೊರೊತಿಯ ಹೆಸರು ಕೂಡಿಸಿ ಸ್ಪೆಂಡರ್ ಎಂದಿಟ್ಟಿದ್ದರು. ಬಿಬಿಸಿಯ ಪರವಾನಗಿ ಪಡೆದು ಎಲ್‌ಎಸ್ 3/5ಎ ತಯಾರಿಸಿದ ಕಂಪನಿಗಳಲ್ಲಿ ಇವೆರಡೂ ಇವೆ. ಅಂತೂ ಇಬ್ಬರು ಹೆಂಡಿರ ಹೆಸರು ಅರ್ಧರ್ಧವಾಗಿ ಪೆಟ್ಟಿಗೆಯ ಮೇಲೆ ಬಂತು.

ಇನ್ನು ಇದನ್ನು ಕೇಳಿ. 1983ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸ್ಟೀರಿಯೋಫೈಲ್ ಪತ್ರಿಕೆಯಲ್ಲಿ ಲ್ಯಾರಿ ಗ್ರೀನ್‌ಹಿಲ್ ಎಂಬ ವಿಮರ್ಶಕರು ಒಂದು ಹೊಸ ಅಳತೆಗೋಲನ್ನು ಅಚ್ಚಿಗೆ ತಂದರು: ಹೆಂಡತಿಯ ಒಪ್ಪಿಗೆಯ ಅಂಶ. ಆ ಮಾತನ್ನು ಹುಟ್ಟಿಸಿದವರು ತಮ್ಮ ಜೊತೆಯ ವಿಮರ್ಶಕ ಲೂಯಿಸ್ ಲಿಪ್ನಿಕ್ ಎಂದೂ ಹೇಳಿದರು. ಅರ್ಥ ಇಷ್ಟೇ: ಈ ಪೆಟ್ಟಿಗೆಯನ್ನು ನಡುಮನೆಯಲ್ಲಿಡಲು ಹೆಂಡತಿ ಒಪ್ಪುತ್ತಾಳೋ ಇಲ್ಲವೋ. ಚೆನ್ನಾಗಿ ಕೇಳಿಸುತ್ತದೆಯೇ ಎನ್ನುವುದು ಗಂಡನ ಪ್ರಶ್ನೆ, ಚೆನ್ನಾಗಿ ಕಾಣಿಸುತ್ತದೆಯೇ ಎನ್ನುವುದು ಹೆಂಡತಿಯದು. ನಗೆಯ ಮಾತೆಂದು ಹುಟ್ಟಿದ್ದು ಮುಂದೆ ಹವ್ಯಾಸಿಗಳ ಶಬ್ದಕೋಶದಲ್ಲಿ ಗಟ್ಟಿಯಾಗಿ ಕೂತಿತು. ಎಲ್‌ಎಸ್ 3/5ಎ ಪುಟ್ಟದಾದ್ದರಿಂದ ಆ ಪರೀಕ್ಷೆಯಲ್ಲಿ ಸುಲಭವಾಗಿ ತೇರ್ಗಡೆ!

ಭಾವನವರ ಮನೆಯಲ್ಲಿ ಅಕ್ಕನನ್ನು, ಅಂದರೆ ನನ್ನ ಓರಗಿತ್ತಿಯನ್ನು, ಕೇಳಿದೆ: "ನಿಮಗೆ ಹೇಗನ್ನಿಸುತ್ತೆ ಅಕ್ಕಾ, ಇದರ ದನಿ?"

"ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ ಕಣೇ," ಎಂದರು, "ಶೋಕೇಸಿನ ಪಕ್ಕ ಇಟ್ಟರೆ ಆಗುತ್ತಾ ಅಂತ."

ಅಕ್ಕ ಸಂಗೀತದಲ್ಲಿ ಸೀನಿಯರ್ ಪರೀಕ್ಷೆ ಪಾಸು ಮಾಡಿದವರು. ಪಕ್ಕದ ಬೀದಿಯಲ್ಲಿ ಯಾರೋ ಹಾಡಿದರೆ ಒಳಗೆ ಹಿಟ್ಟು ಕಲಸುತ್ತಲೇ ಶ್ರುತಿ ಎಲ್ಲಿ ಜಾರಿತೆಂದು ಹೇಳಬಲ್ಲವರು. ಎರಡೂ ಪೆಟ್ಟಿಗೆಯಿಂದ ಸಮದೂರದಲ್ಲಿ ಒಂದು ಕುರ್ಚಿಯಿದೆ. ಅಲ್ಲಿ ಕೂತರೇ ದನಿ ಸರಿಯಾಗಿ ನಡುವೆ ನಿಲ್ಲುವುದು. ಅಷ್ಟು ವರ್ಷಗಳಲ್ಲಿ ಅಕ್ಕ ಆ ಕುರ್ಚಿಯ ಧೂಳು ಒರೆಸಿದ್ದರು, ಮೇಲಿನ ಬಟ್ಟೆ ಒಗೆದಿದ್ದರು, ಕೂತಿರಲಿಲ್ಲ. ಯಾರೂ ಬೇಡವೆಂದಿರಲಿಲ್ಲ, ಬಾ ಎಂದೂ ಇರಲಿಲ್ಲ. ಅವತ್ತು ಬಲವಂತದಿಂದ ಕೂರಿಸಿದೆ. ಸ್ವಲ್ಪ ಹೊತ್ತು ಕೇಳಿ ಹೇಳಿದರು: "ದನಿ ಸರಿಯಾಗಿದೆ ಕಣೇ. ಆದರೆ ತಂಬೂರಿಯ ಖರಜ ತೆಳುವಾಯಿತು. ಅದಕ್ಕೇ ಅವರು ಒಂಟಿಯಾಗಿ ಹಾಡ್ತಾ ಇರೋ ಹಾಗಿದೆ." ಭಾವನವರು ಕೈಯಲ್ಲಿದ್ದ ಪತ್ರಿಕೆ ಕೆಳಗಿಟ್ಟರು. ಅವರು ಓದಿದ್ದ ಹತ್ತಾರು ವಿಮರ್ಶೆಗಳಲ್ಲಿ ಇಷ್ಟು ನೇರವಾದ ಮಾತಿರಲಿಲ್ಲ.

ಇದು ಬರೇ ಮನೆಯ ಕುರ್ಚಿಯ ಪ್ರಶ್ನೆಯಲ್ಲ. ಯಾವ ಡ್ರೈವರ್ ಒಳ್ಳೆಯದು ಎಂದು ತೀರ್ಮಾನಿಸುವವರು ಯಾರ ದನಿಯನ್ನು ಕೇಳಿ ತೀರ್ಮಾನಿಸುತ್ತಾರೆ ಎನ್ನುವುದೂ ಮುಖ್ಯ. ಗಂಡುದನಿಯ ಮೂಲಸ್ವರ ಸುಮಾರು 100ರಿಂದ 150 ಹರ್ಟ್ಸ್, ಹೆಣ್ಣಿನದು ಸುಮಾರು 200. 'ಸ', 'ಶ'ದಂಥ ಅಕ್ಷರಗಳ ಸದ್ದು ಹೆಣ್ಣುದನಿಯಲ್ಲಿ ಗಂಡಿನದಕ್ಕಿಂತ ಮೇಲೆ, ಹೆಚ್ಚಾಗಿ 5,000 ಹರ್ಟ್ಸಿನಾಚೆ ಇರುತ್ತದೆ. ಹಳೆಯ ದೂರವಾಣಿಯ ತಂತಿ 300ರಿಂದ 3,400 ಹರ್ಟ್ಸಿನವರೆಗೆ ಮಾತ್ರ ಸಾಗಿಸುತ್ತಿತ್ತು. 'ಸ' ಎಂದರೆ 'ಫ' ಎಂದು ಕೇಳಿ ಹೆಸರನ್ನು ಮೂರು ಸಲ ಕೂಗಿದ ನೆನಪು ನಿಮಗೂ ಇದ್ದೀತು. ಹೆಂಗಸರ ದನಿ ಯಂತ್ರದಲ್ಲಿ ಕೀರಲು ಎಂದು ದೂರುವವರು ದೂರನ್ನು ಗಂಟಲಿಗೆ ಹೊರಿಸುತ್ತಾರೆ. ತಪ್ಪು ಹಲವು ಸಲ ಬಟ್ಟಲಿನದು, ತಂತಿಯದು. ಅಂಗಿಯ ಗುಂಡಿಯಷ್ಟಿರುವ ಟಿ27ರ ಬಗ್ಗೆ ನನಗೆ ಬಿ110ಕ್ಕಿಂತ ಹೆಚ್ಚು ಪ್ರೀತಿ ಬಂದದ್ದು ಇದರಿಂದಲೇ. ನಮ್ಮ 'ಸ'ಕಾರವನ್ನು ಸೀಳದೆ, ನುಂಗದೆ ದಾಟಿಸುವುದು ಅದು. ಅಭಿಮಾನಿಗಳು ಅದನ್ನು ಹೊಗಳುವುದು ಕಡಿಮೆ.

1990ರ ದಶಕದ ಕೊನೆಗೆ ಕೆಫ್ ಈ ಡ್ರೈವರುಗಳನ್ನು ನಿಲ್ಲಿಸಿತು. ಅವುಗಳನ್ನು ರೂಪಿಸಿದ ಮಾಲ್ಕಂ ಜೋನ್ಸ್ 1972ರಲ್ಲಿ ಕಟ್ಟಿದ್ದ ಫಾಲ್ಕನ್ ಸಂಸ್ಥೆ ಮುಂದೆ ಅದೇ ಬಗೆಯ ಬಿ110, ಟಿ27ಗಳನ್ನು ಮತ್ತೆ ಮಾಡಿತು. ಹಳೆಯದೇ ಶ್ರೇಷ್ಠವೋ, ಹೊಸದೋ ಎಂದು ಹವ್ಯಾಸಿಗಳು ವಾದಿಸಲಿ. ನಮಗೆ ಆ ಪೆಟ್ಟಿಗೆಗಳನ್ನು ಕೊಳ್ಳುವ ಶಕ್ತಿಯೂ ಇಲ್ಲ, ಅಗತ್ಯವೂ ಇಲ್ಲ.

ಆದರೆ ನಿಮ್ಮ ಮನೆಗೆ ಹಾಡು ಕೇಳುವ ಯಂತ್ರ, ಅದು ಸಾವಿರ ರೂಪಾಯಿಯದೇ ಆಗಲಿ, ಬರುವುದಾದರೆ ಅಂಗಡಿಗೆ ನೀವೂ ಹೋಗಿ. ಬಣ್ಣ ನೋಡುವುದಕ್ಕಲ್ಲ. ನಿಮಗೆ ಚೆನ್ನಾಗಿ ಪರಿಚಯವಿರುವ ಒಂದು ಹೆಣ್ಣುದನಿಯ ಹಾಡು ಹಾಕಿಸಿ. 'ಸ', 'ಶ' ಸೀಳುತ್ತವೆಯೇ, ಉಸಿರು ಕೇಳುತ್ತದೆಯೇ, ತಂಬೂರಿ ಜೊತೆಗಿದೆಯೇ, ಗಮನಿಸಿ. ಅಂಗಡಿಯವನು ಕುರ್ಚಿಯನ್ನು ನಿಮ್ಮ ಯಜಮಾನರ ಕಡೆ ತಳ್ಳುತ್ತಾನೆ. ಇನ್ನೊಂದು ಕುರ್ಚಿ ಕೇಳಿ.