ಡಬ್ಬದ ಹಿಂಬದಿ

ಈ ವಾರ 10ಡಬ್ಲ್ಯು-60 ಆಯಿಲಿನ ವಿಚಾರ ಬರೆಯುತ್ತೇನೆಂದು ಕಳೆದ ಕಂತಿನಲ್ಲಿ ಮಾತು ಕೊಟ್ಟಾಗಿದೆ. ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಕೊಂಡವರು ಯಾವ ಆಯಿಲ್ ಹಾಕಿಸಲಿ ಎಂದು ಕೇಳುವುದೇ ತಡ, ಉತ್ತರ ಹೇಳಲು ಎರಡು ಪಂಥದವರು ತುದಿಗಾಲಲ್ಲಿ ನಿಂತಿರುತ್ತಾರೆ. ಮೊದಲನೆಯದು ಮಂದ ಆಯಿಲಿನ ಪಂಥ. ಬೆಂಗಳೂರಿನ ಜೆ.ಸಿ. ರೋಡಿನಿಂದ ಹಿಡಿದು ಊರೂರಿನ ಗ್ಯಾರೇಜುಗಳವರೆಗೂ ಇವರದೇ ರಾಜ್ಯ: ಗಾಡಿ ಹಳೆಯದು, ನಮ್ಮದು ಬಿಸಿಲಿನ ದೇಶ, 20ಡಬ್ಲ್ಯು-50 ಹಾಕಿಸಿ ನೆಮ್ಮದಿಯಾಗಿರಿ. ಎರಡನೆಯದು ತೆಳು ಆಯಿಲಿನ ಪಂಥ. ಇವರ ಪ್ರಕಾರ 0ಡಬ್ಲ್ಯು-20 ದಾಟಿದ್ದೆಲ್ಲ ಅಜ್ಜನ ಕಾಲದ್ದು. ಎರಡೂ ಕಡೆಯವರು ಓದಿರುವುದು ಡಬ್ಬದ ಮುಂಬದಿಯನ್ನು ಮಾತ್ರ. ತೀರ್ಮಾನ ಆಗಬೇಕಾದದ್ದು ಹಿಂಬದಿಯ ಸಣ್ಣಕ್ಷರಗಳಲ್ಲಿ ಎಂಬುದು ಈ ಅಂಕಣದ ಹಳೆಯ ತಕರಾರು.

ಮೊದಲು ಬಿಸಿಲಿನ ವಾದವನ್ನು ಮುಗಿಸಿಬಿಡೋಣ. ಡಬ್ಲ್ಯು ಅಕ್ಷರದ ಹಿಂದಿರುವ ಅಂಕಿ ಚಳಿಯ ಪರೀಕ್ಷೆಯದು. 5ಡಬ್ಲ್ಯು ಆದರೆ ಮೈನಸ್ 30 ಡಿಗ್ರಿ, 10ಡಬ್ಲ್ಯು ಆದರೆ ಮೈನಸ್ 25, 20ಡಬ್ಲ್ಯು ಆದರೆ ಮೈನಸ್ 15 ಡಿಗ್ರಿಯಲ್ಲಿ ಕ್ರ್ಯಾಂಕ್ ತಿರುಗಲು ಆಯಿಲ್ ಎಷ್ಟು ಅಡ್ಡಿ ಮಾಡುತ್ತದೆಂದು ಅಳೆಯುತ್ತಾರೆ. ಜನವರಿಯ ಬೆಂಗಳೂರಿನ ಬೆಳಗು 15 ಡಿಗ್ರಿಯ ಆಸುಪಾಸಿನದು. ಎಂಜಿನ್ ತಿರುಗದೇ ನಿಲ್ಲುವ ಭಯ ನಮಗಿಲ್ಲ. ಇನ್ನು ಎರಡನೆಯ ಅಂಕಿ. ಅದು ಎಂಜಿನ್ ಬಿಸಿಯಾದ ಮೇಲಿನ ಮಂದತೆ. ಥರ್ಮೋಸ್ಟಾಟ್ ಇರುವ ಕಾರಿನ ಎಂಜಿನ್ನಿಗೆ ಕಲಬುರಗಿಯ ಮೇ ತಿಂಗಳೂ ಒಂದೇ, ಮಡಿಕೇರಿಯ ಜುಲೈಯೂ ಒಂದೇ. ರಸ್ತೆಯ ಓಟದಲ್ಲಿ ಆಯಿಲ್ ಸುಮಾರು 100 ಡಿಗ್ರಿಯಲ್ಲಿ ನೆಲೆ ನಿಲ್ಲುತ್ತದೆ, ಹೊರಗಿನ ಸೆಕೆಯನ್ನು ಹೊರುವುದು ರೇಡಿಯೇಟರಿನ ಕೆಲಸ. ಆ ಲೆಕ್ಕ ತಪ್ಪುವುದು ಚೆನ್ನೈ ಬಳಿಯ ಇರುಂಗಾಟ್ಟುಕೋಟೈಯಂಥ ಟ್ರ್ಯಾಕಿನಲ್ಲಿ ಒಂದರ ಮೇಲೊಂದು ಸುತ್ತು ಹೊಡೆದಾಗ. ಅಂದರೆ ಆಯಿಲನ್ನು ಸುಡುವುದು ಓಡಿಸುವವರ ಬಲಗಾಲು, ಭೂಪಟ ಅಲ್ಲ.

ಹಾಗಾದರೆ ಓದಬೇಕಾದದ್ದು ಯಾವುದನ್ನು? ಎಚ್‌ಟಿಎಚ್‌ಎಸ್ ಎಂಬ ಅಳತೆಯನ್ನು. 150 ಡಿಗ್ರಿ ಶಾಖದಲ್ಲಿ, ಬೇರಿಂಗಿನ ಸಂದಿನಲ್ಲಿ ಆಯಿಲ್ ಅನುಭವಿಸುವಂಥ ತೀವ್ರ ಎಳೆತಕ್ಕೆ ಒಡ್ಡಿ, ಆಗ ಉಳಿಯುವ ಮಂದತೆಯನ್ನು ಮಿಲಿಪಾಸ್ಕಲ್-ಸೆಕೆಂಡ್‌ಗಳಲ್ಲಿ ಹೇಳುತ್ತಾರೆ. 30 ಎಂದು ಬರೆದ ಆಯಿಲಿಗೆ ಇರಬೇಕಾದ ಕನಿಷ್ಠ 2.9. ಆದರೆ ಯುರೋಪಿನ ಎಸಿಇಎ ಸಂಸ್ಥೆಯ ಎ3/ಬಿ4 ದರ್ಜೆ ಬೇಕಾದರೆ 3.5 ಇರಲೇಬೇಕು. ಆದ್ದರಿಂದ ಅಂಗಡಿಯ ಕಪಾಟಿನಲ್ಲಿ ಅಕ್ಕಪಕ್ಕ ನಿಂತ ಎರಡು ಡಬ್ಬಗಳ ಮೇಲೂ 5ಡಬ್ಲ್ಯು-30 ಎಂದೇ ದೊಡ್ಡದಾಗಿ ಬರೆದಿರಬಹುದು, ಒಂದು 2.9ರ ಆಯಿಲ್, ಇನ್ನೊಂದು 3.5ರದ್ದು. ಮೊದಲನೆಯದು ಪೆಟ್ರೋಲ್ ಉಳಿಸಲು ಹುಟ್ಟಿದ್ದು, ಎರಡನೆಯದು ಬೇರಿಂಗ್ ಉಳಿಸಲು. ಮುಂಬದಿ ನೋಡಿ ಇವನ್ನು ಬೇರೆ ಮಾಡಲು ಬ್ರಹ್ಮನಿಂದಲೂ ಆಗದು. ಡಬ್ಬ ತಿರುಗಿಸಿದರೆ ಬಿಎಂಡಬ್ಲ್ಯು ಲಾಂಗ್‌ಲೈಫ್-01, ಪೋರ್ಷೆ ಎ40, ಮರ್ಸಿಡಿಸ್ 229.5 ಎಂಬ ಒಪ್ಪಿಗೆಗಳು ಕಾಣುತ್ತವೆ. ಇವು ಇದ್ದರೆ 3.5 ಇದೆಯೆಂದೇ ಅರ್ಥ. ‘ಒಪ್ಪಿಗೆ ಪಡೆದಿದೆ’ ಎಂಬುದಕ್ಕೂ ‘ಇಂಥ ಕಾರುಗಳಿಗೆ ಸೂಕ್ತ’ ಎಂಬುದಕ್ಕೂ ಅಜಗಜಾಂತರವಿದೆ: ಮೊದಲನೆಯದು ಕಾರಿನ ಕಂಪನಿಯ ಮಾತು, ಎರಡನೆಯದು ಆಯಿಲ್ ಮಾರುವವರ ಮಾತು.

ಬೇರಿಂಗಿನ ಸಂದು ಎಂದೆನಲ್ಲ, 10ಡಬ್ಲ್ಯು-60 ಸ್ವಲ್ಪ ಕಾಯಲಿ, ಬೋಷಂ ಟವರ್ ಎಂಬ ಇಂಗ್ಲಿಷ್ ಎಂಜಿನಿಯರ್ 1883ರಲ್ಲಿ ಒಪ್ಪಿಸಿದ ವರದಿಯ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಆಯಿಲಿನ ವಿದ್ಯೆಗೆ ಮೂಲಗ್ರಂಥ ಅಂತ ಒಂದಿದ್ದರೆ ಅದೇ. ರೈಲಿನ ಅಚ್ಚುಗಳಿಗೆ ಎಣ್ಣೆ ಬಿಡುವ ಸರಿಯಾದ ಕ್ರಮ ಯಾವುದೆಂದು ಪತ್ತೆ ಮಾಡಲು ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆ ಅವರಿಗೆ ಹೊಣೆ ಕೊಟ್ಟಿತ್ತು. ಅಚ್ಚಿನ ಕೆಳಭಾಗ ಎಣ್ಣೆಯ ತೊಟ್ಟಿಯಲ್ಲಿ ಮುಳುಗಿ ತಿರುಗುತ್ತಿತ್ತು. ಮೇಲೆ ಹಿತ್ತಾಳೆಯ ಬೇರಿಂಗ್, ಅದರ ಮೇಲೆ ಭಾರ. ಎಣ್ಣೆ ಬಿಡಲೆಂದು ಬೇರಿಂಗಿನ ನೆತ್ತಿಯಲ್ಲಿ ತೂತು ಕೊರೆದರು. ಯಂತ್ರ ಚಾಲೂ ಮಾಡಿದರೆ ಎಣ್ಣೆ ಒಳಗೆ ಇಳಿಯುವ ಬದಲು ಅದೇ ತೂತಿನಿಂದ ಮೇಲೆ ಉಕ್ಕಿ ಹರಿಯಿತು. ಬಿರಡೆ ಹಾಕಿದರು, ತಳ್ಳಿ ಎಸೆಯಿತು. ಮರದ ಗೂಟ ಬಡಿದರು, ಅದನ್ನೂ ತಳ್ಳಿತು. ಕೊನೆಗೆ ಒತ್ತಡದ ಗೇಜು ಕೂರಿಸಿದರೆ ಮುಳ್ಳು ಚದರ ಇಂಚಿಗೆ 200 ಪೌಂಡಿನ ಕೊನೆಯ ಗೆರೆಯನ್ನೂ ದಾಟಿತು. ಬೇರಿಂಗಿನ ಮೇಲೆ ಹೇರಿದ್ದ ಭಾರ ಸರಾಸರಿ 100 ಪೌಂಡು! ಪಂಪು ಇಲ್ಲ, ಏನಿಲ್ಲ; ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಸಂದಿಗೆ ಎಳೆದುಕೊಂಡು, ಲೋಹಕ್ಕೆ ಲೋಹ ತಾಗದ ಹಾಗೆ ಭಾರವನ್ನು ಎತ್ತಿ ಹಿಡಿದಿತ್ತು. ಆಸ್ಬರ್ನ್ ರೆನಾಲ್ಡ್ಸ್ 1886ರಲ್ಲಿ ಇದಕ್ಕೆ ಗಣಿತ ಕೊಟ್ಟರು. ಇಂದಿಗೂ ಬೇರಿಂಗ್ ವಿನ್ಯಾಸ ಮಾಡುವವರು ಹಿಡಿಯುವುದು ಆ ಸಮೀಕರಣವನ್ನೇ.

ಈ ಕಥೆ ತಿಳಿದವರು ಹಳೆಯ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ಪ್ರೆಷರ್ ಗೇಜು ಮೇಲಿದ್ದ ಮಾತ್ರಕ್ಕೆ ಮರುಳಾಗುವುದಿಲ್ಲ. ಆ ಗೇಜು ತೋರಿಸುವುದು ಪಂಪಿನ ಮುಂದಿರುವ ಅಡ್ಡಿಯನ್ನು, ಸಂದಿನೊಳಗಿನ ಪೊರೆಯನ್ನಲ್ಲ. ಮಂದ ಆಯಿಲ್ ಹಾಕಿದರೆ ಮುಳ್ಳು ಏರುತ್ತದೆ, ಹರಿವು ಇಳಿಯುತ್ತದೆ, ಬೇರಿಂಗಿನ ಕಾವನ್ನು ಹೊತ್ತೊಯ್ಯಬೇಕಾದದ್ದು ಆ ಹರಿವೇ. ಕಾರು ಮಾರುವವರು ಹಿಂದಿನ ದಿನ ಮಂದ ಆಯಿಲ್ ತುಂಬಿಸುವುದೂ ಇದಕ್ಕೇ: ಸದ್ದು ಅಡಗುತ್ತದೆ, ಗೇಜು ನಗುತ್ತದೆ. ‘ಸವೆದ ಎಂಜಿನ್ನಿನಲ್ಲಿ ಸಂದು ದೊಡ್ಡದಾಗಿರುತ್ತದೆ, ಮಂದ ಆಯಿಲ್ ಬೇಡವೇ?’ ಎಂಬ ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಸಂದಿಗೂ ಮಂದತೆಗೂ ಜೋಡಿ ಕೂಡಬೇಕು, ನಿಜ. ಆದರೆ ಸಂದು ಎಷ್ಟಾಗಿದೆಯೆಂದು ಅಳೆಯದೆ ಆಯಿಲ್ ಬದಲಿಸುವುದು ಔಷಧವಲ್ಲ, ಅಂದಾಜು.

ಜೋಡಿ ಕೂಡುವುದೆಂದರೇನೆಂದು ತಿಳಿಯಲು 10ಡಬ್ಲ್ಯು-60ರ ಹೆಸರಾಂತ ಗಿರಾಕಿಯೊಂದನ್ನೇ ನೋಡಬಹುದು. 2007ರಿಂದ 2013ರವರೆಗೆ ಬಂದ ಬಿಎಂಡಬ್ಲ್ಯು ಎಂ3ಯ ಎಸ್65 ಎಂಜಿನ್, ನಿಮಿಷಕ್ಕೆ 8,000 ಸುತ್ತು ದಾಟಿ ತಿರುಗುವ 4 ಲೀಟರಿನ ವಿ8. ಕಂಪನಿಯೇ ಹೇಳಿದ ಆಯಿಲ್ 10ಡಬ್ಲ್ಯು-60. ಮಂದತೆಯೊಂದೇ ಕಾಯುವುದಾಗಿದ್ದರೆ ಕನೆಕ್ಟಿಂಗ್ ರಾಡಿನ ಬೇರಿಂಗುಗಳು ವಜ್ರದಂತೆ ಇರಬೇಕಿತ್ತು. ಆದದ್ದು ತಿರುಗಾಮುರುಗಾ: ಬೇರಿಂಗ್ ಸವೆತಕ್ಕೆ ಹೆಸರಾದ ಎಂಜಿನ್ನೇ ಅದು. ಇಷ್ಟು ಮಂದ ಆಯಿಲಿಗೆ ಅಲ್ಲಿನ ಸಂದು ತೀರಾ ಬಿಗಿಯಾಯಿತು ಎಂಬುದು ಅವನ್ನು ಬಿಚ್ಚಿ ಕಟ್ಟುವ ಹಲವರ ವಾದ. 10ಡಬ್ಲ್ಯು-60 ಆಯಿಲ್ 100 ಡಿಗ್ರಿಯಲ್ಲಿ ಇರುವುದಕ್ಕಿಂತ 40 ಡಿಗ್ರಿಯಲ್ಲಿ ಏಳು ಪಟ್ಟು ಮಂದ; ಮುಂಜಾನೆಯ ಚಳಿಯಲ್ಲಿ ಇನ್ನೂ ಎಷ್ಟೋ ಹೆಚ್ಚು. ಕಂಪನಿಗೂ ಇದು ಗೊತ್ತಿತ್ತು. ಆರ್‌ಪಿಎಂ ಮೀಟರಿನ ಅಂಚಿನಲ್ಲಿ ಕಿತ್ತಳೆ ದೀಪಗಳನ್ನು ಇಟ್ಟಿದ್ದು ಅದಕ್ಕೇ: ಆಯಿಲ್ ಕಾದಂತೆ ಅವು ಒಂದೊಂದಾಗಿ ಆರುತ್ತವೆ, ಅಲ್ಲಿಯವರೆಗೆ ಕಾಲು ಒತ್ತಬೇಡಿ ಎಂದು. ಹಾಗೆಂದು ಈ ಕಾರಿಗೆ 30 ಸುರಿಯಿರಿ ಎಂದು ಯಾರೂ ಅರ್ಥ ಮಾಡಿಕೊಳ್ಳಬಾರದು. ದೀಪ ಆರುವವರೆಗೆ ತಾಳ್ಮೆಯಿಂದ ಓಡಿಸಿದವರ ಕಾರು ಕೊಳ್ಳಿ ಎಂಬುದಷ್ಟೇ ಅರ್ಥ. ಅದಕ್ಕೆ ಮಾತ್ರ ಯಾವ ಡಬ್ಬದ ಹಿಂಬದಿಯಲ್ಲೂ ಒಪ್ಪಿಗೆ ಸಿಗುವುದಿಲ್ಲ.

ತೆಳು ಪಂಥದವರು ಇಷ್ಟು ಹೊತ್ತಿಗೆ ಕೈ ತಟ್ಟುತ್ತಿರಬೇಕು. ಅವರಿಗೆ ಉತ್ತರ ಸಿಗುವುದು ಅಮೆರಿಕದಲ್ಲಿ. ಫೋರ್ಡ್ ಮಸ್ಟಾಂಗ್ ಜಿಟಿಯ 5 ಲೀಟರ್ ವಿ8 ಎಂಜಿನ್ನಿಗೆ ಅಲ್ಲಿ ಹೇಳುತ್ತಿದ್ದ ಆಯಿಲ್ 5ಡಬ್ಲ್ಯು-20. ಅದೇ ಬಳಗದ ಎಂಜಿನ್ನನ್ನು 2012ರಲ್ಲಿ ಟ್ರ್ಯಾಕಿಗೆಂದು ಹದಗೊಳಿಸಿ ಬಾಸ್ 302 ಎಂದು ಮಾರಿದಾಗ ಅದೇ ಫೋರ್ಡ್ 5ಡಬ್ಲ್ಯು-50 ಹಾಕಿ ಎಂದಿತು. ಶೆವ್ರೊಲೆ ಕಾರ್ವೆಟ್ಟಿಗೆ ರಸ್ತೆಯಲ್ಲಿ 5ಡಬ್ಲ್ಯು-30, ಟ್ರ್ಯಾಕಿಗೆ ಹೋಗುವ ದಿನ 15ಡಬ್ಲ್ಯು-50 ಎಂಬ ನಿಯಮವಿತ್ತು. 2019ರ ಮಾದರಿಯಿಂದ ಎರಡಕ್ಕೂ 0ಡಬ್ಲ್ಯು-40 ಒಂದೇ ಸಾಕೆಂದರು. ತೆಳು ಆಯಿಲಿನ ಹಿಂದೆ ಇಂಧನ ಮಿತವ್ಯಯದ ಸರ್ಕಾರಿ ಲೆಕ್ಕವೂ ಇರುತ್ತದೆ. ಅದರಲ್ಲಿ ತಪ್ಪಿಲ್ಲ, ಆದರೆ ನಾಲ್ಕನೆಯ ಮಾಲೀಕನ ಬೇರಿಂಗಿನ ಚಿಂತೆ ಆ ಲೆಕ್ಕದಲ್ಲಿ ಬರುವುದಿಲ್ಲ. ಕಂಪನಿಯ ಮಾತನ್ನು ನಂಬಬೇಕೋ ಬಿಡಬೇಕೋ ಎಂದರೆ, ನಂಬಿ. ಆದರೆ ಕೈಪಿಡಿ ಒಂದಕ್ಕಿಂತ ಹೆಚ್ಚು ಆಯಿಲುಗಳಿಗೆ ಅವಕಾಶ ಕೊಟ್ಟಿದ್ದರೆ, ಅದೇ ಎಂಜಿನ್ನಿನ ಅತಿ ಕಠಿಣ ಬಳಕೆಗೆ ಹೇಳಿದ್ದನ್ನು ಆರಿಸಿ.

ಫುಲ್ ಸಿಂಥೆಟಿಕ್ ಹಾಕಿದರೆ ಹಳೆಯ ಸೀಲುಗಳಲ್ಲಿ ಸೋರುತ್ತದೆ ಎಂಬ ಮಾತು ಇನ್ನೂ ಚಾಲ್ತಿಯಲ್ಲಿದೆ. ಸೀಲು ಒಣಗಿ ಬಿರುಕು ಬಿಟ್ಟಿದ್ದರೆ ಯಾವ ಆಯಿಲ್ ಆದರೂ ಸೋರುತ್ತದೆ, ಬದಲಿಸಬೇಕಾದದ್ದು ಸೀಲನ್ನು. ಬಾಟಲಿಯಲ್ಲಿ ಬರುವ ‘ಎಂಜಿನ್ ರಕ್ಷಕ’ ದ್ರವಗಳ ಬಗ್ಗೆ ಇಲ್ಲಿ ಎಷ್ಟು ಸಲ ಬರೆದಾಗಿದೆಯೋ, ಇವತ್ತು ಬೇಡ.

ಕೊಂಡ ಕೂಡಲೇ ಒಪ್ಪಿಗೆ ಇರುವ ಆಯಿಲ್ ಹಾಕಿಸಿ, ಎರಡು ಸಾವಿರ ಕಿಲೋಮೀಟರಿನೊಳಗೆ ಇನ್ನೊಮ್ಮೆ ಇಳಿಸಿ. ಆಮೇಲೆ ಓಡಲಿ, ಶೆಡ್ಡಿನಲ್ಲೇ ಇರಲಿ, ವರ್ಷಕ್ಕೊಂದು ಸಲ. ನಿಂತ ಕಾರಿನ ಸಂಪಿನಲ್ಲೂ ತೇವ, ಪೆಟ್ರೋಲು, ಆಮ್ಲ ಸೇರುತ್ತಲೇ ಇರುತ್ತವೆ. ಇಳಿಸಿದ ಫಿಲ್ಟರನ್ನು ಮಾತ್ರ ಕಸಕ್ಕೆ ಹಾಕಲು ಬಿಡಬೇಡಿ. ಮಡಿಕೆಗಳನ್ನು ಬಿಡಿಸಿ, ಬಿಳಿ ಬಟ್ಟೆಯ ಮೇಲೆ ಹರಡಿ, ಬಿಸಿಲಿಗೆ ಹಿಡಿಯಿರಿ. ಅಯಸ್ಕಾಂತಕ್ಕೆ ಅಂಟುವ ಕಣ ಉಕ್ಕಿನದು. ಅಂಟದೆ, ಮಂಕಾಗಿ, ಉಗುರಿಗೆ ಮೆತ್ತಗೆ ಸಿಗುವ ಬೂದು ಚಕ್ಕೆ ಬೇರಿಂಗಿನ ಮೇಲ್ಪದರದ್ದಿರಬಹುದು. ಕೆಂಪು ಮಿಶ್ರಿತ ಹಳದಿ ಹೊಳಪು ಕಂಡರೆ ಅದು ತಾಮ್ರ, ಮೇಲ್ಪದರ ಆಗಲೇ ಹೋಗಿದೆ ಎಂಬ ಗುಮಾನಿಗೆ ಅಷ್ಟು ಸಾಕು. ಅಂಥ ಎಂಜಿನ್ನಿಗೆ ಯಾವ ಆಯಿಲ್ ಎಂದು ಕೇಳುತ್ತಾ ಕೂರದೆ, ಸಂಪ್ ಬಿಚ್ಚಿಸಿ ಬೇರಿಂಗ್ ನೋಡಿಸಿ.