ಘಾಟಿಯಲ್ಲಿ ಗಾಳಿ ಯಾರ ಪಾಲು?

ಮಡಿಕೇರಿಯಲ್ಲಿ ನೀರು ಕುದಿಯಲು ನೂರು ಡಿಗ್ರಿ ಬೇಕಿಲ್ಲ, 96 ಸಾಕು. ಸುಮಾರು 1,150 ಮೀಟರ್ ಎತ್ತರದ ಊರು, ಗಾಳಿಯ ಒತ್ತಡ ಅಲ್ಲಿ ಅಷ್ಟು ಕಡಿಮೆ. ಒಲೆಯ ಮುಂದೆ ನಿಂತವರು ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಹಳೆಯ ಕಾರಿನಲ್ಲಿ ಸಂಪಾಜೆಯಿಂದ ಹತ್ತಿ ಬರುವವರು ಇಟ್ಟುಕೊಳ್ಳಲೇಬೇಕು. ಕೊಯನಾಡು, ದೇವರಕೊಲ್ಲಿ, ಜೋಡುಪಾಲ, ಮದೆನಾಡು ಎಂದು ಮೇಲೇರಿದಂತೆ ಎಂಜಿನ್ನಿನ ಬಿಸಿ ಏರುತ್ತಲೇ ಇರುತ್ತದೆ, ನೀರು ಕುದಿಯುವ ಮಟ್ಟ ಮಾತ್ರ ಕೆಳಗಿಳಿಯುತ್ತಾ ಬರುತ್ತದೆ.

‘ಎ.ಸಿ. ಇಲ್ಲದ ಕಾಲದಲ್ಲಿ ಕಾರಿನೊಳಗೆ ಹೇಗೆ ಕೂರುತ್ತಿದ್ದರು?’ ಎಂದು ಕೇಳುವವರಿದ್ದಾರೆ. ಕೊಡಗಿನ ಮಟ್ಟಿಗೆ ಕೂತವರ ಸೆಕೆಯ ಮಾತು ಆಮೇಲಿನದು. ಮೊದಲು ತಂಪಾಗಬೇಕಾದದ್ದು ಬಾನೆಟ್ಟಿನ ಕೆಳಗೆ. ಕಾರಿಗೆ ಎದುರಾಗುವ ಗಾಳಿ ಒಂದೇ. ಹತ್ತುವಾಗ ಅದು ಎಂಜಿನ್ನಿನ ಪಾಲು, ಇಳಿಯುವಾಗ ನಮ್ಮ ಪಾಲು. ಹಳೆಯ ಚಾಲಕರ ಜಾಣತನವೆಲ್ಲ ಈ ಹಂಚಿಕೆಯಲ್ಲಿತ್ತು.

1922ರಲ್ಲಿ ಬಂದ ಆಸ್ಟಿನ್ ಸೆವೆನ್ ಕಾರಿಗೆ ನೀರಿನ ಪಂಪೇ ಇರಲಿಲ್ಲ. ಬಿಸಿನೀರು ತಾನಾಗಿ ಮೇಲೇರಿ ರೇಡಿಯೇಟರ್ ಸೇರಬೇಕು, ತಣಿದದ್ದು ತಾನಾಗಿ ಕೆಳಗಿಳಿದು ಎಂಜಿನ್ನಿಗೆ ಮರಳಬೇಕು. ಫೋರ್ಡ್ ಮಾಡೆಲ್ ಟಿ ನಡೆದದ್ದೂ ಬಹುಮಟ್ಟಿಗೆ ಇದೇ ನಂಬಿಕೆಯ ಮೇಲೆ. ನೀರಿನ ಮಟ್ಟ ಮೇಲಿನ ಕೊಳವೆಯ ಬಾಯಿಗಿಂತ ಕೆಳಗಿಳಿದರೆ ಈ ಓಡಾಟ ನಿಂತೇಹೋಗುತ್ತದೆ. ಅದಕ್ಕೇ ಆ ಕಾಲದ ಗಾಡಿಯವರಿಗೆ ದಾರಿಬದಿಯ ತೊರೆ ಎಂದರೆ ನೋಟಕ್ಕಿಂತ ಹೆಚ್ಚು. ಮುಂದೆ ಒತ್ತಡದ ಮುಚ್ಚಳ ಬಂತು. ಚದರ ಇಂಚಿಗೆ 7 ಪೌಂಡ್ ಒತ್ತಡ ತಡೆಯುವ ಮುಚ್ಚಳವಿದ್ದರೆ ನೀರು ಕುದಿಯುವ ಮಟ್ಟ ಸುಮಾರು ಹತ್ತು ಡಿಗ್ರಿ ಮೇಲೇರುತ್ತದೆ. ಘಾಟಿಯವರಿಗೆ ಎ.ಸಿ.ಗಿಂತ ದೊಡ್ಡ ಉಪಕಾರ ಇದು ಎಂಬುದು ನನ್ನ ಪಕ್ಷಪಾತ.

ಸಂಪಾಜೆ ದಾರಿಗೆ ತನ್ನದೇ ಒಂದು ತುಂಟತನವಿದೆ. ಪಯಸ್ವಿನಿ ಹೊಳೆಯ ಕಣಿವೆ ಪಶ್ಚಿಮದಿಂದ ಪೂರ್ವಕ್ಕೆ ಏರುತ್ತದೆ, ಮಧ್ಯಾಹ್ನದ ಕಡಲಗಾಳಿ ಬೀಸುವುದೂ ಅದೇ ದಿಕ್ಕಿಗೆ. ಎರಡನೇ ಗೇರಿನಲ್ಲಿ ಏದುಸಿರು ಬಿಡುತ್ತಾ ಹತ್ತುವ ಕಾರಿನ ಬೆನ್ನ ಹಿಂದೆ ಗಾಳಿ. ರೇಡಿಯೇಟರಿನ ಮುಖಕ್ಕೆ ಏನೂ ಇಲ್ಲ. ಎಲ್ಲ ಭಾರ ಬೆಲ್ಟಿಗೆ ಕಟ್ಟಿದ ಫ್ಯಾನಿನ ಮೇಲೆ. ಆದ್ದರಿಂದ ಹತ್ತುವ ಪ್ರಯಾಣಕ್ಕೆ ಬೆಳಗ್ಗೆಯೇ ಮೇಲು. ಕುದಿಯುವ ಸೂಚನೆ ಕಂಡರೆ ಜಾಗ ನೋಡಿ ಕಾರಿನ ಮೂತಿಯನ್ನು ಗಾಳಿಗೆ ತಿರುಗಿಸಿ ನಿಲ್ಲಿಸಿ. ಎಂಜಿನ್ ಕೂಡಲೇ ಆರಿಸಬೇಡಿ, ಸ್ವಲ್ಪ ಹೊತ್ತು ಓಡಲಿ. ಬಿಸಿ ಮುಚ್ಚಳಕ್ಕೆ ಕೈ ಹಾಕಬೇಡಿ, ಕಾದ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ. ಬೀಡುಕಬ್ಬಿಣ ಬಿರುಕು ಬಿಟ್ಟರೆ ಬಟ್ಟೆಯಂತೆ ಹೊಲಿಗೆ ಹಾಕಲಾಗದು. ಹೀಟರ್ ಇದ್ದ ವಿಲಾಯಿತಿ ಕಾರುಗಳಲ್ಲಿ ಇನ್ನೊಂದು ಉಪಾಯವಿತ್ತು: ಏಪ್ರಿಲ್ ಬಿಸಿಲಲ್ಲೂ ಹೀಟರನ್ನು ಪೂರ್ತಿ ತೆರೆಯುವುದು. ಅದೂ ಒಂದು ಪುಟ್ಟ ರೇಡಿಯೇಟರೇ ತಾನೆ! ಎಂಜಿನ್ ಬದುಕಿತು, ಒಳಗಿದ್ದವರು ಬೆಂದರು.

ಪೆಟ್ರೋಲ್ ಪಂಪಿನ ಮೇಲೆ ಒದ್ದೆಬಟ್ಟೆ ಹಾಕುವುದನ್ನು ಅಂಬಾಸಿಡರ್, ಫಿಯೆಟ್ ಓಡಿಸಿದವರಿಗೆ ಹೇಳಿಕೊಡಬೇಕಿಲ್ಲ. ಬಿಸಿಗೆ ಕೊಳವೆಯೊಳಗೇ ಪೆಟ್ರೋಲ್ ಆವಿಯಾದರೆ ಪಂಪು ಆವಿಯನ್ನು ಎಳೆದೆಳೆದು ಸೋಲುತ್ತದೆ; ಬಟ್ಟೆ ಆರುವಷ್ಟರಲ್ಲಿ ಅದು ಮತ್ತೆ ದ್ರವವಾಗಿರುತ್ತದೆ. ಥರ್ಮೋಸ್ಟಾಟ್ ಕಿತ್ತೆಸೆಯುವ ಚಾಳಿಯನ್ನು ಮಾತ್ರ ನಾನು ಒಪ್ಪೆ. ಬಯಲುಸೀಮೆಯ ಮೆಕ್ಯಾನಿಕ್ಕರಿಗೆ ಅದು ಸರ್ವರೋಗಕ್ಕೂ ಮದ್ದು. ಮಡಿಕೇರಿಯ ಡಿಸೆಂಬರ್ ಬೆಳಗಿನಲ್ಲಿ ಥರ್ಮೋಸ್ಟಾಟ್ ಇಲ್ಲದ ಅಂಬಾಸಿಡರಿನ 1489 ಸಿಸಿ ಎಂಜಿನ್ ಬಿಸಿಯೇರದೆ ಪೆಟ್ರೋಲ್ ಕುಡಿಯುತ್ತದೆ, ಬೇಗ ಸವೆಯುತ್ತದೆ.

ಇನ್ನು ಇಳಿಯುವ ಕಥೆ. ಸುಳ್ಯ ದಾಟಿ ಪುತ್ತೂರಿನತ್ತ ಹೊರಟರೆ, ಅಥವಾ ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟ ದಾಟಿ ಕಣ್ಣೂರಿನ ಕಡೆ ಇಳಿದರೆ, ಮೈಗೆ ಅಂಟುವ ಕರಾವಳಿಯ ಸೆಕೆ. ಅಮೆರಿಕದ ಮರುಭೂಮಿಯಲ್ಲಿ ಕಾರಿನ ಕಿಟಕಿಗೆ ನೀರು ತುಂಬಿದ ಡಬ್ಬಿಯೊಂದನ್ನು ತಗುಲಿಸಿಕೊಂಡು ಓಡಾಡುತ್ತಿದ್ದರು. ಥರ್ಮಡಾರ್ ಕಂಪನಿಯದು ಪ್ರಸಿದ್ಧ. ಒದ್ದೆ ಪದರದ ಮೂಲಕ ಗಾಳಿ ಹಾಯ್ದು ತಣ್ಣಗಾಗಿ ಒಳಬರುತ್ತದೆ. ನಮ್ಮ ಉತ್ತರದ ಲಾವಂಚದ ತಟ್ಟಿಯ ಸೂತ್ರವೂ ಅದೇ. ಆದರೆ 40 ಡಿಗ್ರಿ ಬಿಸಿಲು, ಶೇ 20 ತೇವಾಂಶವಿರುವಲ್ಲಿ ಗಾಳಿಯನ್ನು 22–23 ಡಿಗ್ರಿಯ ಹತ್ತಿರಕ್ಕೆ ಇಳಿಸಬಲ್ಲ ಈ ವಿದ್ಯೆ, 33 ಡಿಗ್ರಿ, ಶೇ 70 ತೇವಾಂಶದ ಮಂಗಳೂರಿನಲ್ಲಿ 28ಕ್ಕಿಂತ ಕೆಳಗೆ ಇಳಿಸಲಾರದು. ಮೇಲಾಗಿ ಇರುವ ತೇವಕ್ಕೆ ಇನ್ನಷ್ಟು ತೇವ. ನಮಗೆ ಉಳಿದದ್ದು ಬರೀ ಗಾಳಿ.

ಆ ಗಾಳಿಯನ್ನು ಒಳಗೆ ಕರೆದುಕೊಳ್ಳಲು ಎಷ್ಟು ದಾರಿಗಳಿದ್ದವು! ಮೂವತ್ತರ ದಶಕದ ಎಷ್ಟೋ ಕಾರುಗಳ ಮುಂದಿನ ಗಾಜು ಕೆಳಗಿನಿಂದ ಹೊರಕ್ಕೆ ತೆರೆದುಕೊಳ್ಳುತ್ತಿತ್ತು. ವಿಲ್ಲಿಸ್ ಜೀಪಿನದನ್ನು ಬಾನೆಟ್ ಮೇಲೆ ಮಲಗಿಸಿಯೇ ಬಿಡಬಹುದು, ಹುಳ ಕಣ್ಣಿಗೆ ಬಿದ್ದರೆ ನಿಮ್ಮ ಹಣೆಬರಹ. ಬಿಸಿನಾಡುಗಳಿಗೆಂದು ಲ್ಯಾಂಡ್ ರೋವರ್ ಚಾವಣಿಯ ಮೇಲೆ ಇನ್ನೊಂದು ಚಾವಣಿ ಕೂರಿಸಿ ನಡುವೆ ಗಾಳಿ ಆಡಲು ಬಿಟ್ಟಿತು. ಇವೆಲ್ಲದರಲ್ಲಿ ನನ್ನ ಮೆಚ್ಚಿನದು ಮುಂದಿನ ಬಾಗಿಲಿನ ಆ ತ್ರಿಕೋನದ ಚಿಕ್ಕ ಗಾಜು. ಜನರಲ್ ಮೋಟಾರ್ಸ್ 1933ರ ಕಾರುಗಳಲ್ಲಿ ಅದನ್ನು ಜನಪ್ರಿಯಗೊಳಿಸಿತು; ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಲ್ಲಿ ನಾವೆಲ್ಲ ಅದನ್ನು ತಿರುಗಿಸಿದವರೇ. ಪೂರ್ತಿ ಹಿಂದಕ್ಕೆ ತಿರುಗಿಸಿದರೆ ಗಾಳಿಯನ್ನು ಬಾಚಿ ಎದೆಗೆ ಎರಚುತ್ತದೆ. ತುಸುವೇ ತೆರೆದರೆ ಅದರ ಹಿಂಬದಿಯಲ್ಲಿ ಒತ್ತಡ ಕುಸಿದು ಒಳಗಿನ ಗಾಳಿಯನ್ನೇ ಹೊರಗೆಳೆಯುತ್ತದೆ. ಕೊಡಗಿನ ಮಳೆಗಾಲದಲ್ಲಿ ಅದರ ನಿಜವಾದ ಬೆಲೆ ಗೊತ್ತಾಗುತ್ತದೆ. ಜುಲೈಯ ಜಡಿಮಳೆಗೆ ಕಿಟಕಿ ಇಳಿಸುವಂತಿಲ್ಲ, ಐದು ಜನರ ಉಸಿರಿಗೆ ಗಾಜು ಮಂಜುಗಟ್ಟಿ ತಿರುವೇ ಕಾಣದು. ಆ ಪುಟ್ಟ ಗಾಜಿನ ಎರಡು ಬೆರಳಿನ ಸಂದು ಮಳೆಯನ್ನು ಒಳಗೆ ಬಿಡದೆ ಉಸಿರನ್ನು ಹೊರಗೆ ಕಳಿಸುತ್ತದೆ. ಕಾರು ತಯಾರಕರು ಅದನ್ನು ಕೈಬಿಟ್ಟದ್ದನ್ನು ನಾನು ಇನ್ನೂ ಕ್ಷಮಿಸಿಲ್ಲ.

ಎ.ಸಿ.ಯ ಮೊದಲ ಅವತಾರವೇನೂ ಸುಖದ್ದಾಗಿರಲಿಲ್ಲ. 1940ರ ಪ್ಯಾಕಾರ್ಡ್ ಕಾರಿನಲ್ಲಿ ಅದರ ಯಂತ್ರ ಡಿಕ್ಕಿಯ ಜಾಗ ನುಂಗಿತ್ತು. ಕಂಪ್ರೆಸರ್ ನಿಲ್ಲಿಸಬೇಕಾದರೆ ಕೆಳಗಿಳಿದು ಬೆಲ್ಟ್ ಬಿಚ್ಚಬೇಕು. ಈಗ ಹಳೆಯ ಫಿಯೆಟ್ಟಿಗೂ ಎ.ಸಿ. ಕೂರಿಸಿಕೊಡುವವರಿದ್ದಾರೆ. ಬೇಡವೆನ್ನಲಾರೆ. ಆದರೆ ಅದರ ಕಂಡೆನ್ಸರ್ ಕೂರುವುದು ರೇಡಿಯೇಟರಿನ ಎದುರಿಗೇ, ಅಂದರೆ ಎಂಜಿನ್ನಿಗೆ ಸಿಗುವುದು ನಮ್ಮ ಬಿಸಿ ಹೊತ್ತ ಗಾಳಿ. ಹಾಕಿಸುವುದಾದರೆ ಮೊದಲು ರೇಡಿಯೇಟರ್ ಬಿಚ್ಚಿ ತುಕ್ಕು ತೊಳೆಸಿ, ಮುಂದೊಂದು ವಿದ್ಯುತ್ ಫ್ಯಾನ್ ಕೂಡಿಸಿ. ಕೊಯನಾಡು ದಾಟಿ ಏರು ಶುರುವಾದ ಕೂಡಲೇ ಎ.ಸಿ. ಆರಿಸಿ, ಕಿಟಕಿ ಇಳಿಸಿ.